ಹತ್ತಿಕಟ್ಟಿಗೆಯ ಇದ್ದಿಲು, ರಾಡಾರಿನ ಅಲೆ

ಬೈಲಹೊಂಗಲದ ಎರೆಹೊಲಗಳಲ್ಲಿ ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಗೆ ಒಲೆಯೇ ಗತಿ, ಇಲ್ಲವೇ ಬದುವಿನ ಬೆಂಕಿ. ಅದನ್ನೇ ಗಾಳಿಯಾಡದ ಕುಲುಮೆಯಲ್ಲಿ 700-800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಸಿಗುವ ಇದ್ದಿಲು, ಮೈಕ್ರೋವೇವ್ ನುಂಗುವ ಹಗುರ ಹಾಳೆಗೆ ಕಚ್ಚಾ ಸರಕಾಗಬಲ್ಲದು.

ಅಲೆಯನ್ನು ತಡೆಯುವುದು ಬೇರೆ, ನುಂಗುವುದು ಬೇರೆ. ಕಿತ್ತೂರು ಕೋಟೆಯ ಗೋಡೆಗೆ ಮುಖಮಾಡಿ ಕೂಗಿದರೆ ದನಿ ಮರಳಿ ಬರುತ್ತದೆ. ಕಣಿಕೆಯ ಬಣವೆಗೆ ಕೂಗಿದರೆ ಅಲ್ಲೇ ಅಡಗುತ್ತದೆ. ಲೋಹದ ತಗಡು ಆ ಗೋಡೆಯಂತೆ. ಯುದ್ಧವಿಮಾನವನ್ನು ರಾಡಾರಿನಿಂದ ಮರೆಮಾಡಲು, ಒತ್ತೊತ್ತಾಗಿ ಕೂತ ಎಲೆಕ್ಟ್ರಾನಿಕ್ ಸಾಧನಗಳು ಒಂದಕ್ಕೊಂದು ಅಡ್ಡಿಯಾಗದಂತೆ ನೋಡಿಕೊಳ್ಳಲು ಬೇಕಿರುವುದು ಬಣವೆ.

ಹಳೆಯ ಉಪಾಯ ಫೆರೈಟ್, ಅಂದರೆ ಕಬ್ಬಿಣದ ಆಕ್ಸೈಡ್ ಬೆರೆತ ಕಾಂತೀಯ ಪುಡಿ. ಕೆಲಸ ಮಾಡುತ್ತದೆ, ಆದರೆ ಘನ ಸೆಂಟಿಮೀಟರಿಗೆ ಸುಮಾರು 5 ಗ್ರಾಂ ತೂಕ. ವಿಮಾನದ ಮೈಗೆಲ್ಲ ಬಳಿದರೆ ಹಾರುವುದೇ ಭಾರ. ಇಂಗಾಲದ ತೂಕ ಅದರ ಅರ್ಧಕ್ಕಿಂತ ಕಡಿಮೆ. ಇಂಗಾಲದ ನ್ಯಾನೊನಳಿಕೆಗಳಾದರೆ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಒಂದು ಪಾಲು ಬೆರೆಸಿದರೂ ಸಾಕು, ಎಳೆಗಳು ಒಂದನ್ನೊಂದು ಮುಟ್ಟಿ ಒಳಗೆಲ್ಲ ವಿದ್ಯುತ್ ಹರಿಯುವ ಬಲೆ ಹೆಣೆದುಕೊಳ್ಳುತ್ತವೆ. ಅಲೆ ಆ ಬಲೆಯಲ್ಲಿ ಸಣ್ಣ ಪ್ರವಾಹಗಳನ್ನು ಎಬ್ಬಿಸಿ, ಬಿಸಿಯಾಗಿ ಕರಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೂರ್ಯಸಾರಥಿ ಬೋಸ್ ಅವರ ತಂಡ ಇಂಥ ಪಾಲಿಮರ್ ಮಿಶ್ರಣಗಳ ಮೇಲೆ ಕೆಲಸ ಮಾಡಿದೆ.

ಇಂಗಾಲ ಹೆಚ್ಚಾದರೂ ತೊಂದರೆಯೇ. ಹಾಳೆ ಲೋಹದಂತಾಗಿ ಅಲೆಯನ್ನು ಬಾಗಿಲಲ್ಲೇ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಅಲೆಯನ್ನು ಒಳಗೆ ಬಿಟ್ಟುಕೊಳ್ಳಲು ರಂಧ್ರಗಳು ಬೇಕು, ಜೊತೆಗೆ ಚಿಟಿಕೆ ಕಾಂತೀಯ ನ್ಯಾನೊಕಣಗಳು. ಕಟ್ಟಿಗೆಯ ಪುಡಿಯನ್ನು ಕಬ್ಬಿಣದ ಲವಣದ ನೀರಲ್ಲಿ ನೆನೆಸಿ ಸುಟ್ಟರೆ ಎರಡೂ ಒಟ್ಟಿಗೇ ದಕ್ಕುತ್ತವೆ. ಹತ್ತಿ, ಭತ್ತದ ಹೊಟ್ಟು, ಅಕ್ರೋಟಿನ ಸಿಪ್ಪೆಗಳಿಂದ ಬೇರೆಡೆ ಇಂಥದ್ದನ್ನು ಮಾಡಿ ನೋಡಿದ್ದಾರೆ. ಹಾಳೆಯ ದಪ್ಪಕ್ಕೂ ಲೆಕ್ಕವಿದೆ: 10 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ 3 ಸೆಂ.ಮೀ., ವಸ್ತುವಿನೊಳಗೆ ಅದು ಕುಗ್ಗುತ್ತದೆ. ಆ ಕುಗ್ಗಿದ ಉದ್ದದ ಕಾಲು ಪಾಲು ದಪ್ಪವಿದ್ದರೆ ಮೇಲ್ಮೈಯಿಂದ, ತಳದಿಂದ ಮರಳುವ ಅಲೆಗಳು ಒಂದನ್ನೊಂದು ಅಳಿಸುತ್ತವೆ, 2 ಮಿ.ಮೀ. ಆಸುಪಾಸಿನ ಹಾಳೆಯೇ ಸಾಕಾಗಬಹುದು.

ಮರಳುವ ಅಲೆ ಮೈನಸ್ 50 ಡೆಸಿಬಲ್‌ಗೆ ಇಳಿಯಿತು ಎಂದು ಪ್ರಬಂಧಗಳಲ್ಲಿ ಬೀಗುವುದುಂಟು. ಒಂದೇ ಆವರ್ತನದಲ್ಲಿ ಬಂದ ಆ ಅಂಕಿಗೆ ನಾನು ಮರುಳಾಗಲಾರೆ. ಮೈನಸ್ 10 ಎಂದರೇ ಶೇ 90ರಷ್ಟು ಶಕ್ತಿ ಮರಳಲಿಲ್ಲ ಎಂದರ್ಥ. ಅಷ್ಟನ್ನು 8ರಿಂದ 12 ಗಿಗಾಹರ್ಟ್ಸ್‌ವರೆಗೂ ಹಿಡಿದಿಟ್ಟರೆ ಅದು ಸರಕು.

ಇನ್ನು ಕಚ್ಚಾ ಸರಕಿನ ಮಾತು. ಸವದತ್ತಿ ಸೀಮೆಯ ಕಬ್ಬಿನ ಸಿಪ್ಪೆ ಕಾರ್ಖಾನೆಯ ಬಾಯ್ಲರಿಗೆ, ರಾಮದುರ್ಗದ ಕಣಿಕೆ ದನಗಳಿಗೆ. ವಾರಸುದಾರರಿಲ್ಲದ್ದು ಹತ್ತಿಕಟ್ಟಿಗೆಯೇ. ಆದರೆ ಹೊಲದಿಂದ ಹೊಲಕ್ಕೆ ಅದರ ಬೂದಿಯ ಅಂಶ ಬದಲಾಗುತ್ತದೆ, ಬೂದಿ ಬದಲಾದರೆ ರಂಧ್ರಗಳೂ ಬದಲಾಗುತ್ತವೆ. ಪ್ರತಿ ಸಲವೂ ಒಂದೇ ಗುಣದ ಇದ್ದಿಲು ತೆಗೆಯುವುದು ಪ್ರಯೋಗಾಲಯಕ್ಕಿಂತ ಕುಲುಮೆಯವನಿಗೆ ದೊಡ್ಡ ಸವಾಲು.