ನಮ್ಮ ಸೈಟು, ಯಾರದೋ ಸಾಲ

ಶಿವಮೊಗ್ಗದ ನವುಲೆಯಲ್ಲಿ ನಮ್ಮದೊಂದು ಖಾಲಿ ಸೈಟಿದೆ, ನಾವಿರುವುದು ಬೆಂಗಳೂರಿನಲ್ಲಿ. ನಮಗೆ ಗೊತ್ತಿಲ್ಲದೆ ಬೇರೆಯವರು ಅದರ ಮೇಲೆ ಸಾಲ ಎತ್ತಲು ಸಾಧ್ಯವೇ?

ಸಾಧ್ಯ. ಅದಕ್ಕೆ ಇಬ್ಬರು ವೇಷಧಾರಿಗಳು ಬೇಕು. ಒಬ್ಬ ‘ನೀವು’: ಆಧಾರ್ ಕಾರ್ಡಿನಲ್ಲಿ ಹೆಸರು ನಿಮ್ಮದು, ಫೋಟೊ ಅವನದು. ಇನ್ನೊಬ್ಬ ‘ಕೊಳ್ಳುವವ’. ಇವನು ಹೆಚ್ಚಾಗಿ ನಿಜವಾದ ಮನುಷ್ಯನೇ. ಕೈಗೊಂದಿಷ್ಟು ಕಾಸು ಬಂತೆಂದು ತನ್ನ ಪ್ಯಾನ್, ಆಧಾರ್, ಸಹಿ ಮಾರಿಕೊಂಡ ಬಡಪಾಯಿ. ಅವನ ಸಂಬಳದ ಚೀಟಿಯನ್ನು ಈ ಆಟ ಆಡಿಸುವ ದಲ್ಲಾಳಿ ಮುದ್ರಿಸಿಕೊಡುತ್ತಾನೆ. ‘ನೀವು’ ಸೈಟು ಮಾರುತ್ತೀರಿ, ‘ಕೊಳ್ಳುವವ’ ಅದನ್ನೇ ಬ್ಯಾಂಕಿಗೆ ಅಡ ಇಡುತ್ತಾನೆ, ಸಾಲದ ಹಣ ನಿಮ್ಮ ಹೆಸರಲ್ಲಿ ತೆರೆದ ಖಾತೆಗೆ ಬಂದು ಮಾಯವಾಗುತ್ತದೆ. ಅನುಮಾನ ಬಾರದಿರಲೆಂದು ನಾಲ್ಕಾರು ಕಂತು ಕಟ್ಟುವುದೂ ಉಂಟು! ಆಮೇಲೆ ನೋಟಿಸು ಹೋಗುವುದು ಆ ಬಡಪಾಯಿಯ ಬಾಗಿಲಿಗೆ.

ಯಾರೂ ಹಿಡಿಯುವುದಿಲ್ಲವೇ? ಮದುವೆ ಊಟಕ್ಕೆ ಕೂತ ಅಪರಿಚಿತನನ್ನು ನೆನೆಸಿಕೊಳ್ಳಿ. ಹೆಣ್ಣಿನ ಕಡೆಯವರಿಗೆ ಅವನು ಗಂಡಿನ ಕಡೆಯವನು, ಗಂಡಿನ ಕಡೆಯವರಿಗೆ ಹೆಣ್ಣಿನ ಕಡೆಯವನು. ಇಲ್ಲೂ ಹಾಗೆಯೇ: ನೋಂದಣಿಯಾಗಿದೆಯಲ್ಲ ಎಂದು ಬ್ಯಾಂಕು, ಗುರುತಿನ ಚೀಟಿ ಇದೆಯಲ್ಲ ಎಂದು ನೋಂದಣಿ ಕಚೇರಿ ಸುಮ್ಮನಾಗುತ್ತವೆ.

ಅಡ ಇಡಲು ಸೈಟೇ ಆಗಬೇಕಿಲ್ಲ. ಶಿವಮೊಗ್ಗ ಡಿಸಿಸಿ ಬ್ಯಾಂಕಿನ ನಗರ ಶಾಖೆಯಲ್ಲಿ 2014ರಲ್ಲಿ ಬಯಲಾದ ಪ್ರಕರಣದಲ್ಲಿದ್ದುದು ಚಿನ್ನ. ಗ್ರಾಹಕರ ಹೆಸರಲ್ಲಿ ನಕಲಿ ಚಿನ್ನದ ಸಾಲ ಸೃಷ್ಟಿಸಿ 62 ಕೋಟಿ ರೂಪಾಯಿಗೂ ಹೆಚ್ಚು ಹಣ ಎತ್ತಲಾಗಿದೆ ಎಂಬುದು ಆರೋಪ. ಆರೋಪ ನಿಜವಾದರೆ ಅಲ್ಲಿ ವೇಷಧಾರಿಯೂ ಬೇಕಿರಲಿಲ್ಲ, ಹೆಸರೇ ಸಾಕಾಗಿತ್ತು.

ಎಚ್ಚರಿಕೆಗಾಗಿ ನಿಮ್ಮ ಸೈಟಿನ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆಗಾಗ ತೆಗೆಸಿ ನೋಡಿ. ನೀವು ಮಾಡದ ಮಾರಾಟ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ.