ವಾರದ ಇಪ್ಪತ್ತು ರೂಪಾಯಿ, ಸಂಘದ ಬಂಡವಾಳ

ರಾಯಚೂರು ಜಿಲ್ಲೆಯ ಸಿಂಧನೂರಿನ ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ನಾಟಿ ಶುರುವಾದರೆ ಹೆಣ್ಣುಮಕ್ಕಳ ಕೈಯಲ್ಲಿ ಕೂಲಿ ಹಣ ಓಡಾಡುತ್ತದೆ. ಎರಡನೇ ಬೆಳೆಗೆ ತುಂಗಭದ್ರೆಯ ನೀರು ಸಿಗದ ವರ್ಷ ಅದೇ ಕೈ ಖಾಲಿ. ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹಳ್ಳಿಗಳಲ್ಲಿ ಮಳೆ ಕೈಕೊಟ್ಟರೆ ಎಷ್ಟೋ ಕುಟುಂಬಗಳಿಗೆ ಗುಳೆ ಹೋಗುವುದೇ ದಾರಿ. ಇಂಥ ಏರಿಳಿತದ ದುಡಿಮೆಯ ನಡುವೆಯೂ ವಾರ ತಪ್ಪದೆ ಹಣ ಕೂಡಿಸುತ್ತ ಬಂದಿವೆ ಮಹಿಳಾ ಸ್ವಸಹಾಯ ಸಂಘಗಳು.

ಈ ಪದ್ಧತಿ ಬೇರುಬಿಟ್ಟ ನೆಲಗಳಲ್ಲಿ ಕರ್ನಾಟಕವೂ ಒಂದು. 1980ರ ದಶಕದಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಇಂಥ ಗುಂಪುಗಳನ್ನು ಕಟ್ಟಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಪ್ರಾಯೋಗಿಕವಾಗಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಹೊರಟಿತು. 2000-01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಸಂಘ ಎಂಬುದು ಊರೂರಿನ ಮಾತಾಯಿತು.

ಲೆಕ್ಕ ಸರಳ. ಇಪ್ಪತ್ತು ಮಂದಿ ವಾರಕ್ಕೆ 20 ರೂಪಾಯಿಯಂತೆ ಕಟ್ಟಿದರೆ ವಾರಕ್ಕೆ 400, ವರ್ಷಕ್ಕೆ 20,800 ರೂಪಾಯಿ. ಆ ಹಣ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಬಿತ್ತನೆ ಬೀಜಕ್ಕೆ, ಆಸ್ಪತ್ರೆಗೆ, ಮಕ್ಕಳ ಫೀಸಿಗೆ ಸದಸ್ಯರಿಗೇ ಸಾಲವಾಗಿ ಹೋಗುತ್ತದೆ. 20,000 ರೂಪಾಯಿ ವರ್ಷವಿಡೀ ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಯಲ್ಲಿ ತಿರುಗಿದರೆ 4,800 ರೂಪಾಯಿ ಗಳಿಕೆ. ಸಾಹುಕಾರನ ಮನೆಗೆ ಹೋಗಬೇಕಿದ್ದ ಬಡ್ಡಿ ಸಂಘದಲ್ಲೇ ಉಳಿಯುತ್ತದೆ.

ಇದೆಲ್ಲ ನಿಂತಿರುವುದು ಲೆಕ್ಕದ ಪುಸ್ತಕದ ಮೇಲೆ. ಸಭೆಯಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಉಳಿತಾಯ, ಸಾಲದ ಕಂತು, ಬಡ್ಡಿಯನ್ನು ಬೇರೆ ಬೇರೆ ಎಣಿಸಿ ಬರೆಯುತ್ತಾರೆ. ಯಾರಿಗೆ ಎಷ್ಟು ಸಾಲ, ಯಾತಕ್ಕೆ ಎಂಬುದು ಠರಾವು ಪುಸ್ತಕಕ್ಕೆ ಏರುತ್ತದೆ. ಕೆಳಗೆ ಎಲ್ಲರ ಸಹಿ, ಇಲ್ಲವೇ ಹೆಬ್ಬೆಟ್ಟು. ಓದು ಬಾರದವರಿಗೂ ತಮ್ಮ ಬಾಕಿ ಗೊತ್ತಿರಬೇಕಾದರೆ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಲೇಬೇಕು.

ವರ್ಷ ಕಳೆದಂತೆ ಲೆಕ್ಕದ ಸ್ವರೂಪ ಬದಲಾಗುತ್ತದೆ. ಬ್ಯಾಂಕು ಉಳಿತಾಯ ನೋಡಿ ಅದರ ಕೆಲವು ಪಟ್ಟು ಸಾಲ ಕೊಡುತ್ತದೆ. ಎಮ್ಮೆ, ಕುರಿ, ಹೊಲಿಗೆ ಯಂತ್ರ ಮನೆಗೆ ಬರುವುದು ಆಗಲೇ. ಆದರೆ ದೊಡ್ಡ ಸಾಲವನ್ನು ಸಮನಾಗಿ ಹಂಚಿಕೊಂಡು, ವಾರದ ಉಳಿತಾಯ ನಿಲ್ಲಿಸಿ, ಸಭೆಯನ್ನೇ ಮರೆತ ಸಂಘಕ್ಕೆ ಬುನಾದಿ ಉಳಿಯುವುದಿಲ್ಲ. ಒಬ್ಬರ ಕಂತು ತಪ್ಪಿದರೆ ಹೊರೆ ಎಲ್ಲರ ಮೇಲೆ.

ಸಂಘಕ್ಕೆ ಎಷ್ಟು ಲಕ್ಷ ಸಾಲ ಸಿಕ್ಕಿತು ಎಂಬುದನ್ನೇ ಅಳತೆಗೋಲು ಮಾಡಿಕೊಳ್ಳಬಾರದು. ಸ್ವಂತ ನಿಧಿ ಬೆಳೆಯುತ್ತಿದೆಯೇ, ಪುಸ್ತಕ ಪ್ರತಿ ಸಭೆಯಲ್ಲೂ ತೆರೆಯುತ್ತದೆಯೇ ಎಂದು ಕೇಳಬೇಕು. ಈ ಎರಡಕ್ಕೂ ಹೌದು ಎನ್ನುವ ಸಂಘ ಬರಗಾಲದ ವರ್ಷದಲ್ಲೂ ತನ್ನವರ ಕೈಬಿಡುವುದಿಲ್ಲ.