ಕಾರ್ಯಪ್ಪ (ದ್ವಂದ್ವ ನಿವಾರಣೆ)

ಕಾರ್ಯಪ್ಪ ಎಂಬುದು ಕೊಡವ ಸಮುದಾಯದಲ್ಲಿ ಬಳಕೆಯಲ್ಲಿರುವ ಪುರುಷರ ಹೆಸರು. ಕೊಡವರ ಹೆಸರುಗಳಲ್ಲಿ ಸಾಮಾನ್ಯವಾಗಿ ಒಕ್ಕದ, ಅಂದರೆ ಮನೆತನದ ಹೆಸರು ಮೊದಲು, ತಂದೆಯ ಹೆಸರು ಅನಂತರ, ಸ್ವಂತ ಹೆಸರು ಕೊನೆಯಲ್ಲಿ ಬರುತ್ತದೆ. ಮೊದಲೆರಡನ್ನು ಇನಿಶಿಯಲ್‌ಗಳಾಗಿ ಬರೆದಾಗ ಬೇರೆ ಬೇರೆ ಒಕ್ಕದವರ ಹೆಸರುಗಳು ಒಂದೇ ಆಗಿ ಕಾಣುವುದುಂಟು.

ಈ ಹೆಸರು ಕೆಳಗಿನವರಲ್ಲಿ ಯಾರನ್ನಾದರೂ ಸೂಚಿಸಬಹುದು:

• ಕೆ. ಎಂ. ಕಾರ್ಯಪ್ಪ (1899–1993): ಕೊಡಂದೇರ ಒಕ್ಕದವರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು. 1971ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯಿಂದ ಸ್ಪರ್ಧಿಸಿ ಸೋತರು. 1986ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಪಡೆದರು.

• ಕೆ. ಸಿ. ಕಾರ್ಯಪ್ಪ (ವಾಯುಪಡೆ ಅಧಿಕಾರಿ): ಕೊಡಂದೇರ ಒಕ್ಕದವರು, ಮೇಲಿನವರ ಪುತ್ರ, ಏರ್ ಮಾರ್ಷಲ್. 1965ರ ಯುದ್ಧದಲ್ಲಿ ಪಾಕಿಸ್ತಾನದಲ್ಲಿ ಸೆರೆಯಾಳಾಗಿದ್ದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಬಿಡುಗಡೆ ಮಾಡಲು ಮುಂದಾದರೂ, ಮಗನಿಗೆಂದು ವಿಶೇಷ ಸೌಲಭ್ಯ ಬೇಡವೆಂದು ತಂದೆ ನಿರಾಕರಿಸಿದರು.

• ಕೆ. ಸಿ. ಕಾರ್ಯಪ್ಪ (ಕ್ರಿಕೆಟಿಗ, ಜನನ 1994): ಕೊಂಗಂಡ ಒಕ್ಕದವರು. ಸ್ಪಿನ್ ಬೌಲರ್, 2015ರಲ್ಲಿ ಐಪಿಎಲ್‌ನ ಕೋಲ್ಕತ್ತ ನೈಟ್ ರೈಡರ್ಸ್ ತಂಡಕ್ಕೆ ಆಯ್ಕೆಯಾದರು.

ಕೊನೆಯ ಇಬ್ಬರ ಇನಿಶಿಯಲ್‌ಗಳು ಒಂದೇ ಆಗಿದ್ದರೂ 'ಕೆ' ಅಕ್ಷರ ಸೂಚಿಸುವ ಒಕ್ಕಗಳು ಬೇರೆ. ಒಕ್ಕದ ಹೆಸರನ್ನು ಪೂರ್ಣವಾಗಿ ಬರೆದರೆ ಈ ಗೊಂದಲ ನಿವಾರಣೆಯಾಗುತ್ತದೆ.